ಎಡಬಲದ ಕಪ್ಪು

"ಓರೆ ಮಾಡ್ಬೇಡಿ. ಅಲ್ಲೇ ಹಿಡ್ಕೊಳ್ಳಿ ಒಂದ್ನಿಮಿಷ," ಎಂದು ಲೈಟಪ್ಪ ಕೆಳಗಿನ ಮೆಟ್ಟಿಲಿನಿಂದ ಹೇಳಿದ.

ಮೆಟ್ಟಿಲು ತಿರುಗುವ ಜಾಗದಲ್ಲಿ ಸ್ಟ್ರೆಚರು ಸಿಕ್ಕಿಕೊಂಡಿತ್ತು. ಕಾಲಿನ ಕಡೆ ಲೈಟಪ್ಪ, ತಲೆಯ ಕಡೆ ಗುಂಡಣ್ಣ, ನಡುವೆ ಗೋಡೆಗೆ ಬೆನ್ನೊತ್ತಿ ನಿಂತ ವ್ಯಾನಿನವನು. ಉದ್ದಕ್ಕೆ ಹಿಡಿದರೆ ಗೋಡೆ ತಗಲುತ್ತಿತ್ತು, ಅಡ್ಡಕ್ಕೆ ತಿರುಗಿಸಿದರೆ ಕಂಬಿ. ಬೀರು ಇಳಿಸುವಾಗ ಹೀಗೆ ಸಿಕ್ಕಿಕೊಂಡರೆ ಜನ ನಗುತ್ತಾರೆ, ತಲೆಗೊಂದು ಉಪಾಯ ಹೇಳುತ್ತಾರೆ. ಇಲ್ಲಿ ಯಾರೂ ಬಾಯಿ ಬಿಡಲಿಲ್ಲ. ಕೊನೆಗೆ ಗುಂಡಣ್ಣ ತನ್ನ ಕಡೆಯನ್ನು ಎದೆಯ ಮಟ್ಟಕ್ಕೆ ಎತ್ತಿದ. ಬಟ್ಟೆ ಮುಚ್ಚಿಕೊಂಡ ಅಕ್ಕ ಅರ್ಧ ಎದ್ದು ಕೂತವಳಂತಾದಳು. ಅವಳ ತಲೆ ಜಾರಿ ಬಂದು ಅವನ ಎದೆಗೆ ಒರಗಿತು. ಹಾಗೇ ಒರಗಿಸಿಕೊಂಡು ಒಂದೊಂದೇ ಮೆಟ್ಟಿಲು ಇಳಿದರು. ಅವಳು ಇಷ್ಟು ಹಗುರ ಇದ್ದಾಳೆಂದು ಅವನಿಗೆ ಗೊತ್ತಿರಲಿಲ್ಲ.

ಕೆಳಗೆ ಬಾಗಿಲ ಬಳಿ ಟೈಲರಮ್ಮ ನಿಂತಿದ್ದಳು. ನೆಲಮಹಡಿಯ ಮುಂದಿನ ಕೋಣೆಯಲ್ಲಿ ಹೊಲಿಗೆ ಮಷಿನ್ನು ಇಟ್ಟುಕೊಂಡವಳು. ಅಳತೆಯ ಟೇಪು ಇನ್ನೂ ಕೊರಳಲ್ಲೇ ಇತ್ತು.

"ನೀವು ಅವರಿಗೆ ಏನಾಗ್ಬೇಕು?" ಎಂದು ಗುಂಡಣ್ಣನನ್ನು ಕೇಳಿದಳು.

"ತಮ್ಮ."

"ಹೌದಾ? ತಮ್ಮ ಇದಾನೆ ಅಂತಿದ್ರು. ಎಲ್ಲೋ ದೂರ ಇರ್ಬೇಕು ಅಂದ್ಕೊಂಡಿದ್ದೆ."

ಗುಂಡಣ್ಣ ಟೌನ್ ಬಸ್ಸಿನ ಡ್ರೈವರಾಗಿದ್ದವನು. ಕೆಲಸದಿಂದ ನಿವೃತ್ತನಾಗುವವರೆಗೆ ಅವನ ಬಸ್ಸು ಇದೇ ಬೀದಿಯ ತುದಿಯಲ್ಲಿ ನಿಂತು ಹೋಗುತ್ತಿತ್ತು. ಸಂಜೆಯ ಟ್ರಿಪ್ಪಿನಲ್ಲಿ ಕತ್ತು ಬಗ್ಗಿಸಿ, ಮೇಲಿನ ಮಹಡಿಯ ಕಿಟಕಿಯಲ್ಲಿ ದೀಪ ಹತ್ತಿದೆಯೇ ಎಂದು ನೋಡುತ್ತಿದ್ದ. ಹತ್ತಿದ್ದರೆ ಗೇರು ಹಾಕುತ್ತಿದ್ದ. ಹತ್ತದಿದ್ದರೂ ಗೇರು ಹಾಕಲೇಬೇಕಿತ್ತು, ಆದರೆ ಅಂಥ ದಿನ ಊಟ ರುಚಿಸುತ್ತಿರಲಿಲ್ಲ.

ಹೆಂಡತಿ ವ್ಯಾನಿನೊಳಗೆ ಹೂವಿನ ಜೊತೆ ಕೂತಿದ್ದಳು. ಸುದ್ದಿ ಬಂದದ್ದು ಹಿಂದಿನ ದಿನ. ಸ್ಟುಡಿಯೊದಲ್ಲಿ ಎಲ್ಲರೂ ಎಡಿಟರಮ್ಮ ಎನ್ನುತ್ತಿದ್ದ ಅಕ್ಕ ಯಾಕೆ ಕೆಲಸಕ್ಕೆ ಬಂದಿಲ್ಲ ಎಂದು ನೋಡಲು ಬಂದ ಲೈಟಪ್ಪ, ಟೈಲರಮ್ಮನ ಹತ್ತಿರ ಕೊಟ್ಟಿಟ್ಟಿದ್ದ ಕೀಲಿಯಿಂದ ಬಾಗಿಲು ತೆಗೆಸಿದ್ದ. ಅಕ್ಕ ಹಾಸಿಗೆಯಲ್ಲಿ ಗೋಡೆಯ ಕಡೆ ತಿರುಗಿ ಮಲಗಿದ್ದಳು. ಕನ್ನಡಕ ತೆಗೆದಿಡುವಷ್ಟೂ ಪುರುಸೊತ್ತು ಸಿಕ್ಕಿರಲಿಲ್ಲ. ಅವಳ ಫೋನಿನಲ್ಲಿದ್ದ ಹೆಸರುಗಳಲ್ಲಿ ಮುಕ್ಕಾಲು ಪಾಲು ಗಿರಾಕಿಗಳವು. ಯಾರಿಗೆ ಹೇಳುವುದೆಂದು ತಿಳಿಯದೆ ಹುಡುಕುತ್ತ ಹೋದವನಿಗೆ ಒಂದೇ ಒಂದು ಹೆಸರು ಮನೆಯದ್ದೆನಿಸಿತು.

"ಗುಂಡ ಅಂದ್ರೆ ನೀವೇನಾ ಸಾರ್?" ಎಂದು ಫೋನಿನಲ್ಲಿ ಕೇಳಿದ್ದ.

ಡಿಪೋದಲ್ಲಿ ಎಲ್ಲರೂ ಅಣ್ಣ ಸೇರಿಸಿ ಕರೆಯುತ್ತಿದ್ದರು. ಬರೀ ಗುಂಡ ಎನ್ನುತ್ತಿದ್ದವಳು ಒಬ್ಬಳೇ. ಹುಟ್ಟಿದಾಗ ಉಂಡೆಯ ಹಾಗಿದ್ದನಂತೆ. ಎತ್ತಿಕೊಂಡು ತಿರುಗಿದವಳು ಅವಳು, ಹೆಸರಿಟ್ಟವಳೂ ಅವಳೇ.

"ನಾನೇ," ಎಂದಿದ್ದ ಗುಂಡಣ್ಣ. ಆ ಮೇಲಿನ ಮಾತನ್ನು ಹೆಂಡತಿ ಫೋನು ತೆಗೆದುಕೊಂಡು ಕೇಳಿಸಿಕೊಂಡಳು.

*

ಅಕ್ಕ ಎಡಿಟಿಂಗ್ ಕಲಿತದ್ದು ಆಸೆಯಿಂದಲ್ಲ, ಹೊಟ್ಟೆಪಾಡಿಗೆ. ಅಪ್ಪ ಬೇಗ ತೀರಿಹೋಗಿದ್ದ. ಮದುವೆಗಳ ವಿಡಿಯೊ ತೆಗೆಯುವ ಸ್ಟುಡಿಯೊದಲ್ಲಿ ಕ್ಯಾಸೆಟ್ಟಿನ ಮೇಲೆ ವಧೂವರರ ಹೆಸರು ಬರೆಯುವ ಕೆಲಸಕ್ಕೆ ಸೇರಿದಳು. ಎಡಿಟರು ಮುನಿಸಿಕೊಂಡು ಬಿಟ್ಟುಹೋದ ದಿನ ಅವನ ಕುರ್ಚಿಯಲ್ಲಿ ಕೂತಳು. ಕೂತವಳು ಮತ್ತೆ ಏಳಲಿಲ್ಲ. ಕಿಟಕಿಯಿಲ್ಲದ ಕೋಣೆ, ಎರಡು ಪರದೆ, ಒಂದು ಫ್ಯಾನು. ಊರಿನ ಅರ್ಧಕ್ಕರ್ಧ ಮದುವೆಗಳನ್ನು ಅವಳು ಅಲ್ಲಿ ಕೂತು ನೋಡಿದಳು. ಅವಳನ್ನು ನೋಡಿದವರು ಕಡಿಮೆ. ಬೀದಿಯಲ್ಲಿ ಯಾರೋ ಎದುರಾದರೆ, ಅರೆ, ಇವಳು ಅಪ್ಪನ ಹೆಗಲ ಮೇಲೆ ತಲೆಯಿಟ್ಟು ಅತ್ತ ಹುಡುಗಿಯಲ್ಲವೇ ಎಂದು ಗುರುತು ಸಿಕ್ಕಿ ನಗುತ್ತಿದ್ದಳು. ಅವರು ಇದ್ಯಾರು ಎಂದು ಪಕ್ಕಕ್ಕೆ ಸರಿದು ಹೋಗುತ್ತಿದ್ದರು. ಮನೆಗೆ ಬಂದು ಅದನ್ನೇ ದೊಡ್ಡ ತಮಾಷೆಯಾಗಿ ಹೇಳುತ್ತಿದ್ದಳು.

ಮುಂದೆ ಅಗಲದ ಟಿವಿಗಳು ಬಂದವು. ಹಳೆಯ ಕ್ಯಾಸೆಟ್ಟಿನ ಚಿತ್ರ ಹೆಚ್ಚುಕಡಿಮೆ ಚೌಕ. ಹೊಸ ಪರದೆ ಬಾಗಿಲನ್ನು ಅಡ್ಡ ಮಲಗಿಸಿದಂತೆ. ಚೌಕವನ್ನು ಅದರಲ್ಲಿ ತುಂಬಿಸಲು ಹೊರಟರೆ ದಾರಿ ಎರಡೇ. ಅಡ್ಡಕ್ಕೆ ಹಿಗ್ಗಿಸಬೇಕು, ಆಗ ಎಲ್ಲರೂ ದಪ್ಪ. ಇಲ್ಲವೇ ದೊಡ್ಡದು ಮಾಡಿ ಮೇಲೆ ಕೆಳಗೆ ಕತ್ತರಿಸಬೇಕು, ಆಗ ಹಿಂದಿನ ಸಾಲಿನವರಿಗೆ ತಲೆಯಿಲ್ಲ, ಮುಂದೆ ಕೂತ ಮಕ್ಕಳಿಗೆ ಕಾಲಿಲ್ಲ. ಎರಡೂ ಬೇಡವೆಂದರೆ ಚಿತ್ರವನ್ನು ಇದ್ದ ಹಾಗೇ ನಡುವೆ ಕೂರಿಸಿ, ಎಡಕ್ಕೊಂದು ಬಲಕ್ಕೊಂದು ಕಪ್ಪು ಪಟ್ಟಿ ಬಿಡಬೇಕು. ಹಳೆಯ ಮದುವೆಗಳನ್ನೆಲ್ಲ ಹೊತ್ತು ತಂದ ಗಿರಾಕಿಗಳಿಗೆ ಅಕ್ಕ ಮಾಡಿಕೊಟ್ಟದ್ದು ಈ ಮೂರನೆಯದನ್ನೇ.

"ಟಿವಿ ಪೂರ್ತಿ ತಗೊಂಡಿದೀವಿ. ಎರಡೂ ಕಡೆ ಯಾಕ್ರೀ ಕಪ್ಪು ಬಿಟ್ಟಿದೀರ?" ಎಂದು ಜಗಳಕ್ಕೆ ಬರುತ್ತಿದ್ದರು.

"ನಿಮ್ಮ ಮದುವೆ ಅಷ್ಟೇ ಅಗಲ ಇತ್ತು," ಎನ್ನುತ್ತಿದ್ದಳು.

ಅಡ್ಡಕ್ಕೆ ಎಳೆದದ್ದೇ ಬೇಕು ಎಂದು ಹಟ ಹಿಡಿದ ಒಬ್ಬ ಗಿರಾಕಿಗೆ, "ಮದುವೆ ಮನೇಲಿ ಎಲ್ರೂ ಹಿಗ್ಗೋದು ಸಹಜ, ಆದ್ರೆ ಇಷ್ಟೊಂದಲ್ಲ," ಎಂದಿದ್ದಳಂತೆ. ಅವನು ನಕ್ಕು ಕಪ್ಪು ಪಟ್ಟಿಯದನ್ನೇ ಒಯ್ದನಂತೆ.

ಅಳತೆ ಸರಿಯಾಗಿದೆಯೇ ಎಂದು ತಿಳಿಯಲು ಅವಳಿಗೆ ಯಂತ್ರ ಬೇಕಿರಲಿಲ್ಲ. ಚಿತ್ರದಲ್ಲಿ ಗುಂಡಗಿನ ವಸ್ತುವೊಂದನ್ನು ಹುಡುಕುತ್ತಿದ್ದಳು: ಗೋಡೆಯ ಗಡಿಯಾರ, ಊಟದ ತಟ್ಟೆ, ಕಾರಿನ ಚಕ್ರ. ಹೆಬ್ಬೆರಳು ತೋರುಬೆರಳು ಅಗಲಿಸಿ ಪರದೆಯ ಮೇಲೆ ಮೊದಲು ಅಡ್ಡ ಹಿಡಿಯುವುದು, ಆಮೇಲೆ ಉದ್ದ. "ತಟ್ಟೆ ಗುಂಡಗಿದ್ರೆ ಮುಖ ಸರಿ ಇದೆ ಅಂತ ಲೆಕ್ಕ. ಮುಖ ಹೇಗಿತ್ತು ಅಂತ ನಂಗೇನು ಗೊತ್ತು? ತಟ್ಟೆ ಮಾತ್ರ ಎಲ್ಲರ ಮನೇಲೂ ಗುಂಡಗೇ ಇರತ್ತೆ," ಎಂದು ಒಮ್ಮೆ ತಮ್ಮನಿಗೆ ತೋರಿಸಿಕೊಟ್ಟಿದ್ದಳು.

*

ಚಿತಾಗಾರದಲ್ಲಿ ಇವರಿಗಿಂತ ಮೊದಲು ಒಂದು ಮನೆಯವರಿದ್ದರು, ನಂತರ ಇನ್ನೊಂದು. ಹೊರಗಿನ ಸಿಮೆಂಟಿನ ಬೆಂಚಿನ ಮೇಲೆ ಗುಂಡಣ್ಣ, ಹೆಂಡತಿ, ಟೈಲರಮ್ಮ, ಲೈಟಪ್ಪ ಸಾಲಾಗಿ ಕೂತರು. ಮೊದಲಿನ ಮನೆಯವರು ಬಾಗಿಲಿನಾಚೆಗೂ ತುಂಬಿದ್ದರು. ಇವರ ಕಡೆಯವರು ಒಂದೇ ಬೆಂಚಿನಲ್ಲಿ ಮುಗಿದರು. ತುದಿಯಲ್ಲಿ ಇನ್ನೊಬ್ಬರು ಕೂರುವಷ್ಟು ಜಾಗವೂ ಉಳಿಯಿತು. ಸ್ಟುಡಿಯೊದ ಯಜಮಾನ ಹೂವಿನ ಚಕ್ರ ಕಳಿಸಿದ್ದ. ಅವನಿಗೆ ಅವತ್ತು ಮದುವೆಯೊಂದರ ಕೆಲಸವಿತ್ತು.

"ಫೋಟೊ ಹುಡುಕಿ ಹುಡುಕಿ ಸಾಕಾಯ್ತು ಸಾರ್," ಎಂದ ಲೈಟಪ್ಪ. ಮದುವೆಗಳಲ್ಲಿ ದೀಪ ಹಿಡಿದು ಹಿಡಿದು ಆ ಹೆಸರು ಬಂದಿತ್ತು. ಒಂದು ಹೆಗಲು ಇನ್ನೊಂದಕ್ಕಿಂತ ಮೇಲಕ್ಕೇ ನಿಂತುಬಿಟ್ಟಿತ್ತು. "ಇಲ್ಲಿ ಒಳಗೆ ಟಿವಿ ಇದೆ, ಹೋದವರ ಫೋಟೊ ಹಾಕ್ತಾರೆ, ಒಂದು ತನ್ನಿ ಅಂದ್ರು. ಊರೋರ ಮುಖ ಎಲ್ಲ ನಮ್ಮಲ್ಲಿದೆ. ಎಡಿಟರಮ್ಮಂದು ಒಂದೂ ಇಲ್ಲ."

"ಮತ್ತೆ?"

"ಸಿಕ್ತು ಒಂದು. ಹಳೇ ಕ್ಯಾಸೆಟ್ಟಲ್ಲಿ. ಶೂಟಿಂಗ್ ಶುರು ಮಾಡೋಕ್ಮುಂಚೆ ಕ್ಯಾಮೆರಾಗೆ ಬಿಳಿ ಯಾವುದು ಅಂತ ತೋರಿಸ್ಬೇಕಲ್ಲ? ಒಬ್ರು ಬಿಳಿ ಹಾಳೆ ಹಿಡ್ಕೊಂಡು ನಿಲ್ಬೇಕು. ಒಂದಿನ ಯಾರೂ ಇರ್ಲಿಲ್ಲ, ಇವರನ್ನೇ ಎಳ್ಕೊಂಡೋಗಿದ್ವಿ. ಹಾಳೆ ಹಿಡಿದಿದಾರೆ, ನಗ್ತಿದಾರೆ. ಅದನ್ನೇ ತೆಗ್ದು ಪೆನ್‌ಡ್ರೈವಿಗೆ ಹಾಕಿ ಕೊಟ್ಟಿದೀನಿ."

"ನಗ್ತಿದ್ರಾ?" ಎಂದು ಟೈಲರಮ್ಮ ಕೇಳಿದಳು. "ನಾನು ಅವರು ನಕ್ಕಿದ್ದು ನೋಡ್ಲೇ ಇಲ್ಲ. ಮೆಟ್ಟಿಲಲ್ಲಿ ಸಿಕ್ಕಾಗ ಊಟ ಆಯ್ತಾ ಅಂತಿದ್ರು. ನಾನೂ ಆಯ್ತು ಅಂತಿದ್ದೆ. ಆಗಿರ್ದಿದ್ರೂ ಆಯ್ತು ಅಂತಾನೇ ಅಂತಿದ್ದೆ, ನೋಡಿ."

ಒಳಗಿನಿಂದ ಕರೆ ಬಂತು.

ಒಳಗಿನ ದೊಡ್ಡ ಕೋಣೆ ತಣ್ಣಗಿತ್ತು. ಅಕ್ಕನನ್ನು ಗಾಲಿಯಿದ್ದ ಕಬ್ಬಿಣದ ಕಟ್ಟೆಯ ಮೇಲೆ ಮಲಗಿಸಿದ್ದರು. ಅವಳ ತಲೆಯ ಮೇಲ್ಗಡೆ ಗೋಡೆಯಲ್ಲಿ ದೊಡ್ಡ ಟಿವಿ. ಅಲ್ಲಿನ ಸಿಬ್ಬಂದಿಯವನು ಪೆನ್‌ಡ್ರೈವು ಚುಚ್ಚಿ, ರಿಮೋಟನ್ನು ಅಂಗೈಗೆ ಬಡಿದು ಬಡಿದು ಒತ್ತಿದ. ಪರದೆಯ ಈ ತುದಿಯಿಂದ ಆ ತುದಿಯವರೆಗೆ ಅಕ್ಕ ಬಂದಳು.

ಕೆನ್ನೆ ತುಂಬಿಕೊಂಡಿದ್ದವು. ಕತ್ತು ದಪ್ಪ, ಭುಜ ಅಗಲ. ಗದ್ದದ ಕೆಳಗೆ ಹಿಡಿದ ಬಿಳಿ ಹಾಳೆ ಹಲಗೆಯ ಹಾಗೆ ಅಡ್ಡ ಹರಡಿತ್ತು. ಉಂಡು ಮಲಗಿ ಎದ್ದು ಬಂದವಳಂತೆ ನಗುತ್ತಿದ್ದಳು.

"ಅಯ್ಯೋ," ಎಂದಳು ಗುಂಡಣ್ಣನ ಹೆಂಡತಿ ಮೆಲ್ಲಗೆ. "ಥೇಟ್ ಅತ್ತೆ ಹಾಗೇ ಕಾಣ್ತಿದಾರಲ್ರೀ."

*

ಗುಂಡಣ್ಣನ ಮದುವೆಯ ಹೊತ್ತಿಗೆ ಅಮ್ಮನಿಗೆ ಕಾಯಿಲೆ ಬಲಿತಿತ್ತು. ಮದುವೆ ನೋಡಿ ಹೋಗುತ್ತೇನೆ ಎಂದವಳು ಹಾಗೇ ಮಾಡಿದಳು. ಆ ಕ್ಯಾಸೆಟ್ಟಿನಲ್ಲಿ ಬಿಟ್ಟರೆ ಅಮ್ಮ ಓಡಾಡಿದ್ದು, ಮಾತಾಡಿದ್ದು ಬೇರೆಲ್ಲೂ ಉಳಿಯಲಿಲ್ಲ. ಕೊನೆಯ ತಿಂಗಳುಗಳಲ್ಲಿ ಅಮ್ಮನನ್ನು ಎತ್ತುವುದು, ತೊಳೆಯುವುದು, ತಿನ್ನಿಸುವುದು ಎಲ್ಲ ಅಕ್ಕನ ಪಾಲಿಗೆ ಬಂದಿತ್ತು. ಗುಂಡಣ್ಣ ಆಗ ಡಬಲ್ ಡ್ಯೂಟಿ ಕೇಳಿ ಕೇಳಿ ಹಾಕಿಸಿಕೊಳ್ಳುತ್ತಿದ್ದ. ಯಾಕೆಂದು ಯಾರೂ ಕೇಳಿರಲಿಲ್ಲ.

ವರ್ಷಗಳ ಮೇಲೆ ಅವನ ಮನೆಗೆ ಅಗಲದ ಟಿವಿ ಬಂತು. ಕ್ಯಾಸೆಟ್ಟಿನಿಂದ ಹಿಂದೆಂದೋ ಇಳಿಸಿಕೊಂಡಿದ್ದ ಮದುವೆಯ ಹಳೆಯ ಡಿಸ್ಕು ಹಾಕಿದಾಗ ಆಶ್ಚರ್ಯವಾಯಿತು. ಅಮ್ಮ ತುಂಬಿಕೊಂಡಿದ್ದಳು. ಬಾಡಿದ ಕೆನ್ನೆ, ಎದ್ದು ಕಾಣುತ್ತಿದ್ದ ಕತ್ತಿನ ಮೂಳೆ ಎಲ್ಲ ಮಾಯ. ಕಾಯಿಲೆಗೆ ಮುಂಚಿನ ಅಮ್ಮನೇ ಎದ್ದು ಬಂದು ಸೊಸೆಯ ಕೈ ಹಿಡಿದುಕೊಂಡಿದ್ದಳು. "ಅಜ್ಜಿ ಎಷ್ಟು ಚೆನ್ನಾಗಿದ್ಲು," ಎಂದರು ಮಕ್ಕಳು. ಹೌದು, ಚೆನ್ನಾಗಿದ್ದಳು ಎಂದ ಗುಂಡಣ್ಣ. ರಜೆಯ ದಿನ ಊಟವಾದ ಮೇಲೆ ಅಷ್ಟನ್ನು ಹಾಕಿಕೊಂಡು ನೋಡುವುದು ರೂಢಿಯಾಯಿತು.

ಅಕ್ಕ ಒಂದು ರಜೆಯ ದಿನ ಬಂದವಳು ಅದನ್ನು ನೋಡಿದಳು. ಕಾಫಿಯ ಲೋಟ ಕೈಯಲ್ಲೇ ಉಳಿಯಿತು.

"ಇದು ಅಮ್ಮ ಅಲ್ಲ ಕಣೋ ಗುಂಡ," ಎಂದಳು. "ಎಳೆದು ಕೂರಿಸಿದೆ. ಕೊಡು, ಸರಿ ಮಾಡಿ ತರ್ತೀನಿ."

ಗುಂಡಣ್ಣ ಡಿಸ್ಕು ತೆಗೆದು ಕೊಟ್ಟ. ಕೆಲವು ದಿನ ಬಿಟ್ಟು ಹೊಸ ಡಿಸ್ಕು ತಂದಳು, ತಾನೇ ಹಾಕಿದಳು. ಎರಡೂ ಕಡೆಯಿಂದ ಬಾಗಿಲು ಮುಚ್ಚಿಕೊಂಡು ಬಂದ ಹಾಗೆ ಕಪ್ಪು. ನಡುವೆ ಅಮ್ಮ. ಕೈಯೆಂದರೆ ಕಡ್ಡಿ. ನಕ್ಕರೆ ಹಲ್ಲೇ ಮುಖ. ಮಕ್ಕಳಲ್ಲೊಬ್ಬಳು ಎದ್ದು ಒಳಗೆ ಹೋದಳು.

"ಹಳೇದೆಲ್ಲಿ?" ಎಂದು ಗುಂಡಣ್ಣ ಕೇಳಿದ.

"ಎಸೆದೆ. ಯಾಕೆ?"

"ಚೆನ್ನಾಗಿದ್ದ ಅಮ್ಮನ್ನ ಇನ್ನೊಂದ್ಸಲ ಸಾಯಿಸಿ ತಂದಿದೀಯಲ್ಲ," ಎಂದ. ಅಲ್ಲಿಗೇ ನಿಲ್ಲಿಸಬಹುದಿತ್ತು. "ಕತ್ತಲೆ ಕೋಣೇಲಿ ಕೂತು ಕೂತು ನಿಂಗೆ ಮನುಷ್ಯರು ಅಂದ್ರೇನು ಅಂತಾನೇ ಮರ್ತೋಗಿದೆ. ನಿಂದೂ ಅಂತ ಒಂದು ಸಂಸಾರ ಇದ್ದಿದ್ರೆ ತಿಳೀತಿತ್ತು."

ಅಕ್ಕ ರಿಮೋಟು ಕೆಳಗಿಟ್ಟು, ಚಪ್ಪಲಿ ಮೆಟ್ಟಿಕೊಂಡು ಹೋದಳು. ಮಾತು ಆಡಿದರೆ ಹೋಯಿತು ಎನ್ನುತ್ತಾರೆ. ಇಲ್ಲಿ ಮಾತಿನ ಜೊತೆ ಮಾತಾಡುವುದೂ ಹೋಯಿತು. ಮೊದಲು ಬಿಗುಮಾನ, ಆಮೇಲೆ ನಾಚಿಕೆ, ಆಮೇಲೆ ಅದೇ ಅಭ್ಯಾಸ. ಮಕ್ಕಳ ಮದುವೆಗೆ ಬಂದಳು, ಹಿಂದಿನ ಸಾಲಿನಲ್ಲಿ ಕೂತು ಉಂಡು ಹೋದಳು. ಹೋಗುವಾಗ ತಮ್ಮನ ಹೆಂಡತಿಗೆ ಹೇಳಿದಳು, ತಮ್ಮನಿಗೆ ಹೇಳಲಿಲ್ಲ.

*

"ಇದನ್ನ ಸರಿ ಮಾಡ್ಬೇಕು," ಎಂದ ಗುಂಡಣ್ಣ.

ಸಿಬ್ಬಂದಿಯವನಿಗೆ ಅರ್ಥವಾಗಲಿಲ್ಲ. "ಯಾವುದನ್ನ?"

"ಫೋಟೊ. ಅಡ್ಡಕ್ಕೆ ಎಳೆದಿದೆ."

"ಎಲ್ರದ್ದೂ ಹಾಗೇ ಬರೋದು ಸಾರ್. ಯಾರೂ ಏನೂ ಅಂದಿಲ್ಲ." ಅವನು ದನಿ ತಗ್ಗಿಸಿದ. "ಹೋದವರು ಸ್ವಲ್ಪ ತುಂಬ್ಕೊಂಡು ಕಂಡ್ರೆ ಮನೆಯವ್ರಿಗೂ ಒಂದು ಸಮಾಧಾನ."

"ಇರ್ಲಿ ಬಿಡ್ರೀ, ಚೆನ್ನಾಗೇ ಇದೆ," ಎಂದಳು ಹೆಂಡತಿಯೂ.

ಚೆನ್ನಾಗೇನೋ ಇತ್ತು. ಗುಂಡಣ್ಣನಿಗೂ ಕಣ್ಣು ಕೀಳಲಾಗುತ್ತಿರಲಿಲ್ಲ. ಅಲ್ಲಿದ್ದವಳು ಹೊತ್ತಿಗೆ ಸರಿಯಾಗಿ ಉಂಡ, ಸುತ್ತ ನಾಲ್ಕು ಜನರಿದ್ದ ಹೆಂಗಸು. ಅವನು ಮೆಟ್ಟಿಲಿಳಿಸಿ ತಂದದ್ದು ಅವಳನ್ನಲ್ಲ. ಎದೆಗೆ ಒರಗಿದ ತಲೆಯ ತೂಕ ಇನ್ನೂ ಅಂಗಿಯ ಮೇಲೇ ಇದ್ದ ಹಾಗಿತ್ತು.

"ರಿಮೋಟ್ ಕೊಡಿ."

ರಿಮೋಟಿನಲ್ಲಿ ಅದಕ್ಕೆ ಬೇಕಾದ ಗುಂಡಿ ಸವೆದು ಒಳಗೆ ಕೂತಿತ್ತು. ಟಿವಿಯ ಬೆನ್ನಿಗೂ ಗುಂಡಿಗಳಿರುತ್ತವೆ ಎಂದ ಲೈಟಪ್ಪ. ಗುಂಡಣ್ಣ ಕಟ್ಟೆಯ ಪಕ್ಕದಲ್ಲಿ ಕಾಲ್ಬೆರಳ ಮೇಲೆ ನಿಂತು, ಅಕ್ಕನ ಮೇಲಿನಿಂದ ಕೈ ಚಾಚಿ, ಗೋಡೆಗೂ ಟಿವಿಗೂ ನಡುವಿನ ಧೂಳಿನಲ್ಲಿ ತಡಕಾಡಿದ. ಒಂದು ಗುಂಡಿಗೆ ದನಿ ಏರಿತು. ಇನ್ನೊಂದಕ್ಕೆ ಪರದೆಯ ಮೇಲೆ ಅಕ್ಷರಗಳು ಬಂದವು. "ಅದೇ, ಅದೇ. ಈಗ ಕೆಳಗಿಂದು ಒತ್ತಿ," ಎಂದು ಲೈಟಪ್ಪ ದೂರದಿಂದ ನೋಡಿ ಹೇಳಿದ. ಅಕ್ಕ ಒಮ್ಮೆ ದೊಡ್ಡದಾದಳು: ಹಣೆ ಇಲ್ಲ, ಹಾಳೆ ಇಲ್ಲ, ಬರೀ ಕಣ್ಣು ಮೂಗು. ಟೈಲರಮ್ಮ ಮುಖ ತಿರುಗಿಸಿಕೊಂಡಳು.

"ಸಾರ್, ಹಿಂದಿನವ್ರು ಕಾಯ್ತಿದಾರೆ," ಎಂದ ಸಿಬ್ಬಂದಿಯವನು.

"ಕಾಯ್ಲಿ."

ಮತ್ತೊಮ್ಮೆ ಒತ್ತಿದ. ಪರದೆಯ ಎರಡೂ ಬದಿ ಕಪ್ಪಾಯಿತು, ನಡುವೆ ಅಕ್ಕ ಕಿರಿದಾಗಿ ನಿಂತಳು. ಹಾಳೆ ಹಿಡಿದ ಕೈಯಲ್ಲಿ ಒಂದು ವಾಚಿತ್ತು. ಗುಂಡಣ್ಣ ಹೆಬ್ಬೆರಳು ತೋರುಬೆರಳು ಅಗಲಿಸಿ ಅದರ ಮೇಲಿಟ್ಟ. ಅಡ್ಡ ಹಿಡಿದ, ಉದ್ದ ಹಿಡಿದ. ಇನ್ನೊಮ್ಮೆ ಹಿಡಿದು ನೋಡಿದ.

"ಗುಂಡಗಿದೆಯಾ?" ಎಂದು ಕೇಳಿದ ಲೈಟಪ್ಪ.

"ಗುಂಡಗಿದೆ."

ಅವನು ಹಿಂದಕ್ಕೆ ಸರಿದು ನೋಡಿದ. ತೆಳ್ಳನೆಯ ಹೆಂಗಸು. ಕೆನ್ನೆ ಒಳಗೆ ಸೇದಿಕೊಂಡಿತ್ತು. ಎಳೆದಾಗ ಕಾಣದ ಒಂದು ವಿಷಯ ಈಗ ಕಾಣುತ್ತಿತ್ತು: ಅವಳು ಕ್ಯಾಮೆರಾ ನೋಡುತ್ತಿರಲಿಲ್ಲ. ಕ್ಯಾಮೆರಾದ ಪಕ್ಕದಲ್ಲಿ ನಿಂತವರನ್ನು ನೋಡುತ್ತ, ನನ್ನನ್ಯಾಕೆ ತೆಗೀತೀರಿ ಎನ್ನುವಂತೆ ನಗುತ್ತಿದ್ದಳು. ಆಮೇಲೆ ಸಿಬ್ಬಂದಿಯವನು ಕಟ್ಟೆಯನ್ನು ಕುಲುಮೆಯ ಒಳಕ್ಕೆ ತಳ್ಳಿದ, ಬಾಗಿಲು ಇಳಿಯಿತು.

ಹೊರಗೆ ಮತ್ತೆ ಅದೇ ಬೆಂಚು. ಲೈಟಪ್ಪ ತನ್ನ ಅಂಗೈ ನೋಡಿಕೊಳ್ಳುತ್ತಿದ್ದ.

"ನಿಮ್ಮ ತಾಯಿ ಕ್ಯಾಸೆಟ್ಟು ಸರಿ ಮಾಡ್ವಾಗ ನಾನು ಅಲ್ಲೇ ಇದ್ದೆ ಸಾರ್," ಎಂದ. "ಒಂದು ಮದ್ವೆಗೆ ಅಷ್ಟು ದಿನ ತಗೊಂಡಿದ್ದು ನಾನು ನೋಡ್ಲಿಲ್ಲ. ಒಂದು ಕಡೆ ಬಂದು ನಿಲ್ಲಿಸ್ಬಿಡೋರು. ತಾಯಿ ಸೊಸೆ ಕೈ ಹಿಡ್ಕೊಂಡಿರೋ ಜಾಗ. ನಾನೇ ಅಂದೆ, ತುಂಬಾ ಸೊರಗಿದಾರಲ್ಲಮ್ಮ, ಸ್ವಲ್ಪ ಅಗಲ ಬಿಟ್ರೆ ಏನ್ ಹೋಗತ್ತೆ ಅಂತ."

"ಏನಂದ್ಲು?"

"ಆ ಕೈನ ದಿನಾ ತೊಳೆದಿದೀನಿ ಕಣಪ್ಪ, ಅದು ಎಷ್ಟು ದಪ್ಪ ಇತ್ತು ಅಂತ ನನ್ನ ಕೈಗೆ ಗೊತ್ತು ಅಂದ್ರು. ಅದನ್ನ ದಪ್ಪ ಮಾಡಿದ್ರೆ, ನಾನು ತೊಳೆದಿದ್ದು ಯಾರ ಕೈನ ಹಾಗಾದ್ರೆ, ಅಂತ."

ಹೆಂಡತಿ ಗುಂಡಣ್ಣನ ಕಡೆ ನೋಡಿದಳು. ಅವನು ಚಪ್ಪಲಿಯ ತುದಿಯಿಂದ ನೆಲದ ಮೇಲಿನ ಕಲ್ಲೊಂದನ್ನು ಮುಂದಕ್ಕೆ ತಳ್ಳಿದ, ಹಿಂದಕ್ಕೆ ಎಳೆದ.

"ಕ್ಯಾಸೆಟ್ಟು ಸ್ಟುಡಿಯೊದಲ್ಲೇ ಇದೆ," ಎಂದ ಲೈಟಪ್ಪ. "ನಿಮಗೆ ಹೇಗೆ ಬೇಕೋ ಹೇಳಿ, ಹಾಗೆ ಮಾಡಿಸಿ ಕೊಡ್ತೀನಿ."

"ಹೇಗಿದೆಯೋ ಹಾಗೇ ಇರ್ಲಿ," ಎಂದ ಗುಂಡಣ್ಣ.

*

ಬೂದಿಯನ್ನು ಮರುದಿನ ಕೊಡುತ್ತೇವೆ ಎಂದರು. ಹೆಂಡತಿಯನ್ನು ಟೈಲರಮ್ಮನ ಕೋಣೆಯಲ್ಲಿ ಕೂರಿಸಿ, ನಲ್ಲಿ ಲೈಟು ನೋಡಿಕೊಂಡು ಬರುತ್ತೇನೆಂದು ಗುಂಡಣ್ಣ ಮೇಲೆ ಹತ್ತಿದ. ಬೆಳಗ್ಗೆ ಮೈ ಎತ್ತುವ ಗಡಿಬಿಡಿಯಲ್ಲಿ ಮನೆಯನ್ನು ಅವನು ನೋಡಿಯೇ ಇರಲಿಲ್ಲ.

ಅಡುಗೆಮನೆಯ ನಲ್ಲಿ ಬಿಗಿಯಾಗಿತ್ತು. ಒಲೆಯ ಗ್ಯಾಸು ಆರಿಸಿತ್ತು. ಕಿಟಕಿಯ ಹೊರಗಿನ ಹಗ್ಗದಲ್ಲಿ ಒಣಗಿದ ಬಟ್ಟೆಗಳನ್ನು ತೆಗೆದು, ಬಾರದ ಕೈಯಲ್ಲಿ ಮಡಿಸಿ, ಎಲ್ಲಿಡುವುದೆಂದು ತಿಳಿಯದೆ ಹೊರಕೋಣೆಗೆ ತಂದ. ಅಲ್ಲಿ ಇಬ್ಬರು ಕೂರುವ ಸೋಫಾ ಒಂದಿತ್ತು. ಕಿಟಕಿಯ ಕಡೆಯ ಅರ್ಧ ತಗ್ಗಿಹೋಗಿತ್ತು. ಕೈಯಿಡುವ ಜಾಗದ ಬಟ್ಟೆ ಸವೆದು ದಾರ ಎದ್ದಿತ್ತು, ಬಣ್ಣ ಯಾವುದಿತ್ತೆಂದು ಹೇಳುವಂತಿರಲಿಲ್ಲ. ಪಕ್ಕದ ಅರ್ಧ ಅಂಗಡಿಯಿಂದ ತಂದ ದಿನ ಹೇಗಿತ್ತೋ ಹಾಗೇ ಇತ್ತು. ಕಡು ಹಸಿರು ಬಟ್ಟೆ, ಅದರ ಮೇಲೆ ಹಳದಿ ಎಲೆಗಳು.

ಗುಂಡಣ್ಣ ಬಟ್ಟೆಗಳನ್ನು ತೊಡೆಯ ಮೇಲಿಟ್ಟುಕೊಂಡು ಆ ಹಸಿರಿನ ಮೇಲೆ ಕೂತ. ಯಾರೂ ಕೂತು ಪಳಗದ ಸ್ಪ್ರಿಂಗು ಅವನನ್ನು ಸ್ವಲ್ಪ ಮೇಲಕ್ಕೆ ಒತ್ತಿತು, ಪಕ್ಕದ ತಗ್ಗಿನ ಕಡೆಗೆ ವಾಲಿಸಿತು. ಅವನು ವಾಲದಂತೆ ಕಾಲು ಊರಿಕೊಂಡು, ನೆಟ್ಟಗೆ ಕೂತೇ ಇದ್ದ.